ಗಂಟು ಉಳಿದ ಮುದ್ದೆ

“ಇದನ್ನ ಮುದ್ದೆ ಅಂತ ಕರೆದ್ರೆ ರಾಗಿ ಬೆಳೆದೋನು ಬಂದು ಜಗಳಕ್ಕೆ ನಿಂತಾನು,” ಎಂದಳು ಸಣ್ಣೀರಮ್ಮ, ತಟ್ಟೆಯನ್ನು ಗಂಡನ ಕಡೆಗೆ ತಳ್ಳುತ್ತಾ.

ಮುರಿದ ಮುದ್ದೆಯೊಳಗೆ ಒಣಹಿಟ್ಟಿನ ಗಂಟುಗಳು ಕಾಣುತ್ತಿದ್ದವು. ತಪ್ಪೆಲ್ಲ ಮೂಲೆಯಲ್ಲಿದ್ದ ನನ್ನದೇ ಎನ್ನುವಂತೆ ಚಿತ್ತಯ್ಯ ನನ್ನನ್ನು ನೋಡಿದ.

ನಾನು ಮುದ್ದೆ ಕೋಲು. ನನ್ನನ್ನು ಮಾಡಿದವನು ಸಣ್ಣೀರಮ್ಮನ ಅಪ್ಪ. ಗಾಳಿಗೆ ಮುರಿದು ಬಿದ್ದ ಹುಣಸೆ ಕೊಂಬೆಯನ್ನು ಮಚ್ಚಿನಿಂದ ಸವರಿ, ಗಾಜಿನ ಚೂರಿನಲ್ಲಿ ಹೆರೆದು, ಕೈಗೆ ಸಿಬರು ಚುಚ್ಚದ ಹಾಗೆ ನುಣುಪು ಮಾಡಿ ಎಣ್ಣೆ ಕುಡಿಸಿದ. ಮಗಳು ಮದುವೆಯಾಗಿ ಶಿರಾಕ್ಕೆ ಹೊರಟಾಗ ಅವಳ ಸೀರೆಗಳ ನಡುವೆ ನನ್ನನ್ನು ತುರುಕಿದ.

ಬಂದ ಮನೆಯಲ್ಲಿ ಅತ್ತೆ ನನ್ನನ್ನು ತನ್ನ ಕೈಗೇ ತೆಗೆದುಕೊಂಡಳು. ಸೊಸೆಗೆ ಒಲೆ ಊದುವ ಕೆಲಸ. ಅತ್ತೆಯ ತೋಳು ಸೋತ ಮೇಲೆ, ಒಂದು ಬೆಳಗ್ಗೆ ನನ್ನನ್ನು ಸೊಸೆಯ ಮುಂದಿಟ್ಟು, ಜಗುಲಿಗೆ ಹೋಗಿ ಕೂತುಬಿಟ್ಟಳು. ಅಂದಿನಿಂದ ನಾನು ಸಣ್ಣೀರಮ್ಮನವನು. ಪಾತ್ರೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಅವಳು ತಿರುವಲು ಕೂತರೆ ಹಿಟ್ಟು ಅವಳ ಮಾತು ಕೇಳುತ್ತಿತ್ತು.

ಚಿತ್ತಯ್ಯನ ಪರಿಚಯ ನನಗೆ ಪಾದಗಳಿಂದ ಮಾತ್ರ. ಕಡಲೆಕಾಯಿ ಲೋಡಿನ ಲಾರಿ ಡ್ರೈವರು. ಆ ಒಡೆದ ಹಿಮ್ಮಡಿಗಳು ಅಡಿಗೆಮನೆಯ ಹೊಸಿಲ ತನಕ ಬಂದು ನಿಲ್ಲುತ್ತಿದ್ದವು, ತಟ್ಟೆ ಸಿಕ್ಕಿದ ಮೇಲೆ ತಿರುಗುತ್ತಿದ್ದವು. ಉಳಿದ ದಿನಗಳಲ್ಲಿ ಯಾವುದೋ ಊರಿನ ಹೋಟೆಲಿನ ಎಣ್ಣೆ, ಖಾರ, ಎದೆಯುರಿ.

ಆಮೇಲೆ ಸಣ್ಣೀರಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಸ್ಪತ್ರೆಯವರು ಕೆಲವು ವಾರ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ, ಬೇಕೆನಿಸಿದ್ದು ತಿನ್ನಲಿ ಎಂದರಂತೆ. ಹಾಗೆಂದರೆ ಏನೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಮಕ್ಕಳಿರಲಿಲ್ಲ, ಅತ್ತೆಯೂ ತೀರಿಕೊಂಡಿದ್ದಳು. ಚಿತ್ತಯ್ಯ ಲಾರಿ ಬಿಟ್ಟು ಮನೆಯಲ್ಲಿ ಉಳಿದ.

ಮೊದಲು ಹೋಟೆಲಿನಿಂದ ಪಾರ್ಸಲ್ ಬಂತು. ಅವಳಿಗೆ ಅದು ಒಳಗಿಳಿಯಲಿಲ್ಲ. ಒಂದು ದಿನ ಅವಳು ಹೊಸಿಲ ಪಕ್ಕ ಕಂಬಳಿ ಮಡಿಸಿ ಹಾಕಿಸಿಕೊಂಡು ಕೂತಳು. ನನಗೆ ಬೇಡ, ನಿನಗಾದರೂ ಬೇಕಲ್ಲ, ಒಳಗೆ ಹೋಗು, ನಾನು ಹೇಳಿದಂಗೆ ಮಾಡು ಎಂದಳು. ಆ ಒಡೆದ ಹಿಮ್ಮಡಿಗಳು ಮೊದಲ ಸಲ ಹೊಸಿಲು ದಾಟಿದವು.

ಮೊದಲ ಪಾಠ ಬಸ್ಸಾರು. ದಂಟಿನ ಸೊಪ್ಪು, ಬೇಳೆ ಹದವಾಗಿ ಬೆಂದವು. ಬಸಿ ಎಂದಳು. ಅವನು ಬೆಂದ ನೀರನ್ನು, ಆ ಕಟ್ಟನ್ನೆಲ್ಲ, ಬಚ್ಚಲಿಗೆ ಬಸಿದು, ಸೊಪ್ಪನ್ನು ಮಾತ್ರ ಹೆಮ್ಮೆಯಿಂದ ತಂದು ತೋರಿಸಿದ. ಸಾರಾಗಬೇಕಾದದ್ದೇ ಆ ಕಟ್ಟು. ಸಣ್ಣೀರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಬಂದರೂ ನಕ್ಕಳು. ಗೋಡೆಯಾಚೆಯ ಲಕ್ಕಕ್ಕ ಏನಾಯಿತೆಂದು ಓಡಿ ಬಂದಳು.

ಆದರೂ ಕಲಿತ. ಬೇಳೆ ಬೇಯುವ ಮೊದಲು ಉಪ್ಪು ಹಾಕಬಾರದೆಂದು ಕಲಿತ. ಹುರುಳಿ ನೆನೆಸುವುದು, ಸೊಪ್ಪಿನ ಮಣ್ಣು ಹೋಗುವ ತನಕ ತೊಳೆಯುವುದು, ಇಷ್ಟೇ ಎಣ್ಣೆಯಲ್ಲಿ ಒಗ್ಗರಣೆ ಸಿಡಿಸುವುದು, ಎಲ್ಲ ಬಂತು. ಮುದ್ದೆಯೂ ಬರುತ್ತಿತ್ತು. ಕುದಿಯುವ ಎಸರಿಗೆ ಹಿಟ್ಟು ಸುರಿದು, ನಡುವೆ ನನ್ನನ್ನು ನೆಟ್ಟು, ಬೇಯುವ ತನಕ ಕಾದು, ಆಮೇಲೆ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಗಂಟು ಒಡೆಯಬೇಕು. ಸ್ಟೇರಿಂಗ್ ಹಿಡಿದ ಕೈ, ಬಲಕ್ಕೇನೂ ಬರವಿರಲಿಲ್ಲ. ಗಂಟುಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದವು.

ಆಗಲೇ ಒಂದು ಮಧ್ಯಾಹ್ನ ಸಣ್ಣೀರಮ್ಮ ಹೊಸಿಲಲ್ಲಿ ಕೂತು ಲಕ್ಕಕ್ಕನಿಗೆ ಹೇಳಿದಳು, “ಇವನಿಗೆ ಮುದ್ದೆ ಒಂದು ಬಂದುಬಿಟ್ರೆ ನನಗಿನ್ನೇನೂ ಚಿಂತೆ ಇಲ್ಲ ಕಣೆ. ಹೊರಟುಬಿಡ್ತೀನಿ.”

ಚಿತ್ತಯ್ಯ ಒಳಗೆ ತಿರುವುತ್ತಿದ್ದ. ಅವನ ಹಿಡಿತ ನನ್ನ ಮೇಲೆ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಇನ್ನೂ ನಾಲ್ಕು ತಿರುವು ಬೇಕಿತ್ತು. ಅವನು ನನ್ನನ್ನು ಹೊರಗೆ ತೆಗೆದುಬಿಟ್ಟ.

ಅಲ್ಲಿಯ ತನಕ ಗೊತ್ತಿಲ್ಲದೆ ಉಳಿಯುತ್ತಿದ್ದ ಗಂಟು, ಅಂದಿನಿಂದ ಗೊತ್ತಿದ್ದೇ ಉಳಿಯಿತು. ಹಿಟ್ಟಿನೊಳಗೆ ಮುಳುಗಿರುವ ನನಗೆ ತಿಳಿಯದೆ ಇರುತ್ತದೆಯೇ. ದಿನವೂ ಅವಳು ಬೈಯುವಳು, ಇವನು ತಲೆ ತಗ್ಗಿಸಿ ಬೈಸಿಕೊಳ್ಳುವನು, ನಾಳೆ ಇನ್ನೊಂದು ಸಲ ಹೇಳಿಕೊಡು ಎನ್ನುವನು. ನಾಳೆ ಎಂಬ ಮಾತನ್ನು ಅಷ್ಟು ಜೋಪಾನವಾಗಿ ಹೇಳುವವರನ್ನು ನಾನು ಕಂಡಿರಲಿಲ್ಲ.

ಅವಳ ಕಂಬಳಿ ಹೊಸಿಲಿನಿಂದ ಪಡಸಾಲೆಗೆ ಸರಿಯಿತು. ಆಮೇಲೆ ಅಲ್ಲಿನ ಮಂಚಕ್ಕೆ. ತಟ್ಟೆಯಲ್ಲಿ ಸಾರು ಹಾಗೇ ಉಳಿಯತೊಡಗಿತು. ಬೈಗುಳವೂ ಸಣ್ಣಗಾಯಿತು. ಆದರೆ ಕಿವಿ ಚುರುಕಾಗಿತ್ತು. ಒಂದು ದಿನ ಅವನು ಎಂದಿನಂತೆ ನಡುವೆಯೇ ನಿಲ್ಲಿಸಿದಾಗ ಮಂಚದಿಂದ ಕರೆದಳು. ಅವನು ಹಿಟ್ಟು ಮೆತ್ತಿದ ನನ್ನನ್ನು ಹಿಡಿದುಕೊಂಡೇ ಹೋದ.

“ಕೋಲು ನಿಲ್ಲಿಸೋ ಸದ್ದು ನನಗೆ ಕೇಳಿಸಲ್ಲ ಅಂದ್ಕೊಂಡಿದ್ದೀಯ?”

ಚಿತ್ತಯ್ಯ ನನ್ನ ತುದಿಗೆ ಮೆತ್ತಿದ ಹಿಟ್ಟನ್ನು ಉಗುರಿನಿಂದ ಕೆರೆದ.

“ಬೇಕಂತಲೇ ಬಿಡ್ತೀಯ. ನಾನು ನೋಡ್ತಾನೇ ಇದ್ದೀನಿ.”

“ನೆಟ್ಟಗೆ ಬಂದ್ರೆ ನೀನು ಹೋಗ್ತೀನಿ ಅಂದೆಯಲ್ಲ,” ಎಂದ ಅವನು. ಅಷ್ಟು ದಪ್ಪ ದನಿಯ ಮನುಷ್ಯ ಅಷ್ಟು ಸಣ್ಣಗೆ ಮಾತಾಡಿದ್ದು ಅದೇ ಮೊದಲು.

“ಗಂಟಿದ್ರೂ ಹೋಗ್ತೀನಿ ಕಣೋ. ಹೊಟ್ಟೆ ತುಂಬಿದೋನ್ನ ಬಿಟ್ಟು ಹೋಗ್ತೀನೋ, ಹಸ್ಕೊಂಡಿರೋನ್ನ ಬಿಟ್ಟು ಹೋಗ್ತೀನೋ, ಅಷ್ಟು ನೀನು ಹೇಳು.”

ಅವನು ಅಡಿಗೆಮನೆಗೆ ಮರಳಿದ. ಪಾತ್ರೆಯನ್ನು ಪಾದಗಳ ನಡುವೆ ಸಿಕ್ಕಿಸಿದ. ಅಂದು ತಿರುವುವುದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಮುದ್ದೆ ಒದ್ದೆ ಕೈಯಲ್ಲಿ ಉರುಳಿ ತಟ್ಟೆಗೆ ಬಂದಾಗ ದೀಪ ಹೊಳೆಯುವಷ್ಟು ನುಣುಪಾಗಿತ್ತು. ಸಣ್ಣೀರಮ್ಮ ಕಡಲೆಕಾಳಿನಷ್ಟು ಚಿವುಟಿ, ಸಾರಿಗೆ ಅದ್ದಿ ನುಂಗಿದಳು. ಉಳಿದದ್ದನ್ನು ಎದುರಿಗೆ ಕೂರಿಸಿಕೊಂಡು ಅವನಿಂದಲೇ ತಿನ್ನಿಸಿದಳು. ಚೆನ್ನಾಗಿದೆ ಎನ್ನಲಿಲ್ಲ. ಬೈಯಲೂ ಇಲ್ಲ.

ಆ ಶ್ರಾವಣ ಮುಗಿಯುವ ಮುಂಚೆ ಅವಳು ಹೋದಳು.

ಈಗ ನನಗೂ ವಯಸ್ಸಾಗಿದೆ. ತುದಿ ಸವೆದು ಓರೆಯಾಗಿದೆ, ಮೈ ಕಪ್ಪಾಗಿದೆ. ಹಿಟ್ಟು ಕೂಡಿಸುವುದಷ್ಟೇ ನನ್ನ ಹುಟ್ಟಿನ ಕೆಲಸ ಎಂದುಕೊಂಡಿದ್ದೆ. ಯಾರೋ ಒಬ್ಬರು ಹೊರಡುವುದಕ್ಕೆ ಒಪ್ಪಿಗೆ ಕೊಡುವ ಕೆಲಸವೂ ನನ್ನಿಂದಲೇ ಆಗಬೇಕಿತ್ತೇ ಎಂದು ಒಲೆಯ ಪಕ್ಕದ ಕತ್ತಲಲ್ಲಿ ನಿಂತು ಯೋಚಿಸುತ್ತೇನೆ.

ನಿನ್ನೆ ಮಧ್ಯಾಹ್ನ ಲಕ್ಕಕ್ಕ ಹಿತ್ತಲ ಬಾಗಿಲಿಗೆ ಬಂದಳು.

“ಒಬ್ಬನಿಗೋಸ್ಕರ ಏನಂತ ಒದ್ದಾಡ್ತೀಯ ಚಿತ್ತಣ್ಣ. ನಮ್ಮನೇಲೇ ಒಂದು ತುತ್ತು ಉಣ್ಣಬಾರದಾ?”

“ಎಸರಿಟ್ಟಿದ್ದೀನಿ ಕಣವ್ವ,” ಎಂದ ಅವನು.

ಒಳಗೆ ಬಂದು ಹಿಟ್ಟು ಸುರಿದ, ಬೇಯಲು ಬಿಟ್ಟ, ಪಾತ್ರೆ ಇಳಿಸಿಕೊಂಡು ತಿರುವಲು ಕೂತ. ಗಂಟುಗಳೆಲ್ಲ ಒಡೆದು ಬಹಳ ಹೊತ್ತಾಯಿತು. ಹಿಟ್ಟು ಆರಿ ಬಿಗಿಯಾಗತೊಡಗಿತು. ಅವನು ಅವಳ ಮಂಚವಿದ್ದ ಪಡಸಾಲೆಯ ಕಡೆಗೆ ಕಿವಿ ಕೊಟ್ಟು, ನನ್ನನ್ನು ತಿರುಗಿಸುತ್ತಲೇ ಇದ್ದ.