ಅಪ್ಪಿದರೂ ತಿಳಿಯದ ರಿವಾಲ್ವರ್

ವರ್ಲನ್ ಟ್ಯಾಕೆಟ್ ಅಪ್ಪಿಕೊಳ್ಳದೆ ಬಿಟ್ಟ ಮನುಷ್ಯ ಕೂಪರ್ಸ್ ಫೋರ್ಕ್ ಊರಲ್ಲಿ ಒಬ್ಬನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲಲ್ಲಿ ಎರಡೂ ತೋಳು ಚಾಚಿ ಅವನು ನಿಂತನೆಂದರೆ ಬಾಗಿಲಿಗೇ ಇನ್ನೊಂದು ಬಾಗಿಲು ಇಟ್ಟಂತೆ. ಅದನ್ನು ದಾಟದೆ ಯಾರೂ ದೇವರ ಹತ್ತಿರ ಹೋಗುವಂತಿಲ್ಲ. ಆಯುಷ್ಯವಿಡೀ ಗ್ಯಾಸ್ ಲಾರಿ ಓಡಿಸಿ ನಿವೃತ್ತನಾದವನಿಗೆ ಈಗ ಆ ಹೊಸ್ತಿಲೇ ಹುದ್ದೆ, ಅದೇ ಸಂಭ್ರಮ. ಅವನ ಹೆಂಡತಿ ನಡೀನ್ ಇದಕ್ಕೆ ತದ್ವಿರುದ್ಧ. ಯಾರಾದರೂ ತೋಳು ಚಾಚಿಕೊಂಡು ಬಂದರೆ ಅವಳ ಬಲಗೈ ರೈಲ್ವೆ ಗೇಟಿನಂತೆ ಮುಂದೆ ಅಡ್ಡ ಬೀಳುತ್ತಿತ್ತು. ಕೈ ಕುಲುಕಬೇಕು, ಅಲ್ಲೇ ನಿಲ್ಲಬೇಕು. ಒಡಹುಟ್ಟಿದ ಅಕ್ಕನಿಗೂ ಇದೇ ಕಾನೂನು.

ಕಳೆದ ಭಾನುವಾರ ಪಾಸ್ಟರ್ ವರ್ಲನ್‌ನನ್ನು ಪಕ್ಕಕ್ಕೆ ಕರೆದಿದ್ದರು. ಬಾಗಿಲಲ್ಲಿ ನಿಲ್ಲುವವರ ಬಳಿ ಇನ್ನು ಮುಂದೆ ಆಯುಧವಿರಬೇಕೆಂದು ಚರ್ಚಿನ ಹಿರಿಯರು ತೀರ್ಮಾನಿಸಿದ್ದರಂತೆ. ಆದರೆ ಅದು ಕಣ್ಣಿಗೆ ಬೀಳಬಾರದು. ಮಕ್ಕಳು ಮುದುಕರು ಬರುವ ಜಾಗ.

"ಅಪ್ಪಿತಪ್ಪಿಯೂ ಯಾರಿಗೂ ಗೊತ್ತಾಗಬಾರದು, ಬ್ರದರ್ ವರ್ಲನ್. ನಿಮ್ಮ ಕೈಲಿ ಆಗಲ್ಲ ಅಂದ್ರೆ ಸಂಕೋಚ ಬೇಡ, ಬಾಗಿಲಿಗೆ ಬ್ರದರ್ ಎಲ್ಮೋರ್ ಅವರನ್ನ ನಿಲ್ಲಿಸೋಣ."

ತಪ್ಪಿ ಗೊತ್ತಾಗದಂತೆ ನೋಡಿಕೊಳ್ಳಬಹುದು. ಅಪ್ಪಿ ಗೊತ್ತಾಗದಂತೆ ನೋಡಿಕೊಳ್ಳುವುದು ಹೇಗೆ? ಅತ್ತ ಎಲ್ಮೋರ್ ಎಂಬಾತ ಬಂದವರನ್ನು ಸ್ವಾಗತಿಸುವುದು ಗದ್ದದಿಂದ. ಗದ್ದ ಒಮ್ಮೆ ಕೆಳಗಿಳಿದರೆ ಒಳಗೆ ಬಾ ಎಂದರ್ಥ. ಅವನು ತನ್ನ ಹೊಸ್ತಿಲಲ್ಲಿ ನಿಂತ ಚಿತ್ರ ಕಣ್ಣಿಗೆ ಕಟ್ಟಿ ವರ್ಲನ್‌ಗೆ ಬೆಳಗಿನ ಇಷ್ಟದ ತಿಂಡಿ ಬಿಸ್ಕಿಟ್ ಮತ್ತು ಗ್ರೇವಿ ಕೂಡ ಸೇರದಾಯಿತು.

ಹಾಗಾಗಿ ಶನಿವಾರ ಗಂಡ ಹೆಂಡತಿ ಇಬ್ಬರೂ ಡೆಲ್ಬರ್ಟ್‌ನ ಅಂಗಡಿಗೆ ಹೋದರು. ಒಂದು ಗೋಡೆಗೆ ಬಂದೂಕು, ಇನ್ನೊಂದಕ್ಕೆ ಗಾಳ, ನಡುವೆ ಎರೆಹುಳುವಿನ ಫ್ರಿಜ್ಜು.

"ದೊಡ್ಡದು ಬೇಡ. ದಿನಾ ಇಟ್ಕೊಳ್ಳೋ ಅಂಥದ್ದು, ಅಪ್ಕೊಂಡ್ರೂ ತಿಳೀಬಾರದು," ಎಂದ ವರ್ಲನ್.

ಡೆಲ್ಬರ್ಟ್ ಕಣ್ಣು ಅರೆಮುಚ್ಚಿ, ಪಾಸ್ಟರರ ಮೂಗಿನ ರಾಗವನ್ನೇ ಎಳೆದ: "ಪ್ರಿಯ ಸಹೋದರಾ, ಸೊಂಟದಲ್ಲಿ ಕಬ್ಬಿಣ, ಎದೆಯಲ್ಲಿ ಕರುಣೆ..." ಆಮೇಲೆ ತನ್ನ ದನಿಗೆ ಮರಳಿ ಬೆರಳು ಮಡಿಸಿದ. "ನೋಡು ಮಾರಾಯ, ಇದು ಪೂರ್ತಿ ಉಕ್ಕು. ಭಾರ ಇದೆ, ಆದ್ರೆ ಹೊಡೆದಾಗ ಕೈಗೆ ಜಾಸ್ತಿ ಒದೆಯಲ್ಲ. ಇದು ಹಗುರ, ಜೇಬಲ್ಲಿರೋದೇ ಮರೆತು ಹೋಗುತ್ತೆ. ಹೊಡೆದ ತಕ್ಷಣ ನೆನಪಾಗುತ್ತೆ, ಅಂಗೈ ಉರಿಯುತ್ತೆ. ಎರಡರಲ್ಲೂ ಐದೈದು ಗುಂಡು."

ಪ್ರತಿಯೊಂದನ್ನೂ ಕೊಡುವ ಮುಂಚೆ ಅದರ ಗುಂಡು ತುಂಬುವ ಉರುಳೆ ಬಿಚ್ಚಿ, ಖಾಲಿ ಮನೆಗಳನ್ನು ಇಬ್ಬರಿಗೂ ತೋರಿಸಿದ. ಮೊದಲು ಉಕ್ಕಿನದನ್ನು ಚರ್ಮದ ಒರೆಗೆ ಹಾಕಿ ವರ್ಲನ್‌ನ ಸೊಂಟಕ್ಕೆ ಕಟ್ಟಿದರು. ಮೇಲೆ ಕೋಟು.

"ಈಗ ಅಪ್ಕೋ, ನಡೀನ್," ಎಂದ ವರ್ಲನ್.

"ಇಲ್ಲೇನಾ? ಎರೆಹುಳುಗಳ ಎದುರಿಗಾ?"

"ಬಾಗಿಲು ಹೋಗುತ್ತೆ ಕಣೇ. ಮಿಸ್ ಓಪಲ್ ಅಪ್ಕೊಳ್ಳೋ ಥರ ಅಪ್ಕೋ."

ಮಿಸ್ ಓಪಲ್ ತೊಂಬತ್ತರ ಅಜ್ಜಿ. ಅವಳ ಅಪ್ಪುಗೆಯೆಂದರೆ ತಪಾಸಣೆ; ಬೆನ್ನು, ಪಕ್ಕೆ, ಸೊಂಟ ಎಲ್ಲ ತಟ್ಟಿ ತಟ್ಟಿ ಊಟ ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ನೋಡುವುದು. ನಡೀನ್ ನಿಟ್ಟುಸಿರಿಟ್ಟು, ಬೆನ್ನು ಬಗ್ಗಿಸಿ, ಓಪಲಜ್ಜಿಯ ನಡುಗುದನಿಯಲ್ಲೇ "ಸೊರಗಿದ್ದೀಯಲ್ಲೋ ಮಗಾ" ಎನ್ನುತ್ತ ತಟ್ಟಿದಳು. ಮೂರನೆಯ ತಟ್ಟಿಗೆ ಟಣ್ ಎಂದಿತು.

ಸೊಂಟದ ಹಿಂದೆ ಇಟ್ಟರು. ಅಲ್ಲೂ ಸಿಕ್ಕಿತು. ಕಂಕುಳ ಕೆಳಗೆ ಇಟ್ಟರು. ನಡೀನ್ ಇನ್ನೂ ತೋಳು ಚಾಚುವ ಮೊದಲೇ, "ಒಂದು ಪಕ್ಕಕ್ಕೆ ಮಾತ್ರ ಮೊಲೆ ಬಂದ ಹಾಗಿದೆ," ಎಂದಳು. ಕಣಕಾಲಿಗೆ ಕಟ್ಟಿದರೆ ವರ್ಲನ್ ಲಾಳ ಕಳೆದುಕೊಂಡ ಕುದುರೆಯಂತೆ ನಡೆದ.

"ಮದುವೆ ಆದಾಗಿಂದ ಒಂದೇ ದಿನ ಇಷ್ಟು ಸಲ ಅಪ್ಪಿಸ್ಕೊಂಡಿಲ್ಲ ನಾನು," ಎಂದ. ಮುಖದಲ್ಲಿ ಸೋತವನ ಕಳೆಯಿರಲಿಲ್ಲ.

ಕೊನೆಗೆ ಡೆಲ್ಬರ್ಟ್ ಹಗುರದ್ದನ್ನು ತೆಗೆದ. ಅದರ ಬೆನ್ನ ಮೇಲೆ ಬಟ್ಟೆಗೆ ಸಿಕ್ಕುವ ಕೊಕ್ಕೆಯಿರಲಿಲ್ಲ. ಎಲ್ಲ ನುಣುಪು, ನದಿಯ ಕಲ್ಲಿನ ಹಾಗೆ. ಅದನ್ನು ಜೇಬಿನ ಒರೆಗೆ ಸೇರಿಸಿ ಪ್ಯಾಂಟಿನ ಬಲ ಜೇಬಿಗೆ ಇಳಿಬಿಟ್ಟ. ನಡೀನ್ ಓಪಲಜ್ಜಿಯಂತೆ ತಟ್ಟಿದಳು, ಕನ್ನಡಕ ತಾಗದಂತೆ ತಲೆ ವಾಲಿಸುವವರ ಹಾಗೆ ಅಪ್ಪಿದಳು, ಗುಂಡಿಗೆಗೆ ಗುಂಡಿಗೆ ಒತ್ತಿದಳು. ಗುಂಡಿನ ಸುಳಿವೇ ಇಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಅಲುಗಿತು. ಮೇವಿನ ಅಂಗಡಿಯ ಹೊಯ್ಟ್ ತನ್ನ ಪುಟ್ಟ ಮಗಳು ಟಿಲ್ಲಿಯೊಂದಿಗೆ ಎರೆಹುಳು ಕೊಳ್ಳಲು ಬಂದಿದ್ದ. ಹೊಯ್ಟ್‌ನ ಅಪ್ಪುಗೆಯೆಂದರೆ ಊರಿಗೇ ಹೆಸರು. ಪಕ್ಕೆಲುಬು ಎಣಿಸಿಕೊಂಡು ಬಿಡುವವನು.

"ಬ್ರದರ್ ವರ್ಲನ್," ಎಂದು ಎತ್ತಿ ಹಿಡಿದು, ಹಿಂಡಿ, ಇಳಿಸಿದ. "ಏನು, ಹುಳ ತಗೊಳ್ಳೋಕೆ ಬಂದ್ರಾ?"

ಏನೂ ತಿಳಿಯಲಿಲ್ಲ ಅವನಿಗೆ. ವರ್ಲನ್ ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಬಾಗಿಲು ಉಳಿಯಿತು, ಎಲ್ಮೋರ್‌ನ ಗದ್ದ ಅವನ ಮುಖದಲ್ಲೇ ಇರಲಿ.

ಹುಬ್ಬು ಇಳಿಯುವ ಮೊದಲೇ ಟಿಲ್ಲಿ ಓಡಿ ಬಂದು, ಪ್ರತಿ ಭಾನುವಾರ ಮಾಡುವಂತೆಯೇ, ಅವನ ಬಲ ಜೇಬಿಗೆ ಕೈ ಹಾಕಿದಳು.

ಪೆಪ್ಪರ್‌ಮಿಂಟು ಇರುವ ಜೇಬು ಅದು. ಚರ್ಚಿನ ಮಕ್ಕಳಿಗೆಲ್ಲ ಬೈಬಲ್ಲಿಗಿಂತ ಮೊದಲು ಬಾಯಿಪಾಠವಾಗಿದ್ದ ಜೇಬು. ಅದನ್ನೇ ವರ್ಲನ್ ಮರೆತಿದ್ದ.

ನಡೀನ್‌ಳ ರೈಲ್ವೆ ಗೇಟು ಬಿದ್ದು ಆ ಪುಟ್ಟ ಮಣಿಕಟ್ಟು ಹಿಡಿಯಿತು. ಖಾಲಿ ರಿವಾಲ್ವರ್; ಡೆಲ್ಬರ್ಟ್ ಮೊದಲೇ ಬಿಚ್ಚಿ ತೋರಿಸಿದ್ದ. ಆದರೂ ಅವಳು ಆ ಕೈಯನ್ನು ಜೇಬಿನಿಂದ ಪೂರ್ತಿ ಹೊರಗೆಳೆದಳು. ನಡೀನ್ ತನ್ನ ಪರ್ಸಿನಿಂದ ಪೆಪ್ಪರ್‌ಮಿಂಟು ತೆಗೆದು ಆ ಕೈಗೆ ಕೊಟ್ಟಳು. ಹೊಯ್ಟ್ ಹುಳು ಹಿಡಿದು ಮಗಳೊಂದಿಗೆ ಹೊರಟ ಮೇಲೆ ವರ್ಲನ್ ರಿವಾಲ್ವರನ್ನು ಮೇಜಿನ ಮೇಲಿಟ್ಟ.

"ಪೆಪ್ಪರ್‌ಮಿಂಟ್ ಎಡ ಜೇಬಿಗೆ ಹಾಕು," ಎಂದ ಡೆಲ್ಬರ್ಟ್.

"ಆ ಮಕ್ಕಳು ಎರಡೂ ಜೇಬು ಜಾಲಾಡ್ತಾವೆ. ಎಲ್ಮೋರ್‌ಗೆ ಹೇಳಿಬಿಡಿ ಅಂತೀನಿ ಪಾಸ್ಟರ್‌ಗೆ." ಅವನ ತೋಳುಗಳು ಜೋತುಬಿದ್ದವು, ಅಷ್ಟು ಉದ್ದದ ತೋಳನ್ನು ಎಲ್ಲಿಡಬೇಕೆಂದೇ ತಿಳಿಯದವನಂತೆ ನಿಂತ.

ನಡೀನ್ ಮೇಜಿನ ಮೇಲಿದ್ದ ಎರಡನ್ನೂ ತೂಗಿ ನೋಡುತ್ತಿದ್ದಳು. "ಡೆಲ್ಬರ್ಟ್, ಹಿಂದುಗಡೆ ಹೊಡೆದು ನೋಡೋಕೆ ಜಾಗ ಇದೆಯಲ್ಲ?"

ಹಗುರದ್ದನ್ನು ಒಮ್ಮೆ ಹೊಡೆದು ಕೈ ಕೊಡವಿಕೊಂಡಳು. ಉಕ್ಕಿನದರ ಐದೂ ಗುಂಡು ಗುರಿಯ ಕಾಗದದ ನಡುವೆ ಒಂದು ಬಿಸ್ಕಿಟ್ಟಿನಷ್ಟು ಜಾಗದಲ್ಲಿ ಕೂತವು. ಹಿಂದೊಮ್ಮೆ ಇಬ್ಬರೂ ಕಲಿತ ಬಂದೂಕು ತರಬೇತಿಯಲ್ಲಿ ಗಂಡನಿಗಿಂತ ಹೆಚ್ಚು ಅಂಕ ಬಂದದ್ದನ್ನು ಅವಳು ಮನೆಯ ಶಾಂತಿಗಾಗಿ ಈವರೆಗೆ ಎತ್ತಿರಲಿಲ್ಲ.

"ಇದೇ ಇರಲಿ. ಹತ್ತು ಜನರ ಕ್ಯಾಸರೋಲ್ ಪಾತ್ರೆ ಹೊತ್ತ ಕೈಗೆ ಇದೇನು ಭಾರ? ಸ್ವೆಟರ್ ಕೆಳಗೆ ಸೊಂಟದಲ್ಲಿ ಕೂರುತ್ತೆ."

"ನಿನಗಾ? ಯಾರಾದ್ರೂ ಅಪ್ಕೊಂಡ್ರೆ?"

ಡೆಲ್ಬರ್ಟೂ ನಡೀನೂ ಒಟ್ಟಿಗೆ ವರ್ಲನ್‌ನನ್ನು ನೋಡಿದರು. ಅವನಿಗೆ ನಿಧಾನವಾಗಿ ಹೊಳೆಯಿತು.

"ಬಾಗಿಲಲ್ಲಿ ಇಬ್ಬರೂ ನಿಲ್ಲೋಣ," ಎಂದಳು ನಡೀನ್. "ನೀನು ಅಪ್ಕೋ. ನಾನು ಕೈ ಕುಲುಕ್ತೀನಿ."

ಮರುದಿನ ಓಪಲಜ್ಜಿ ವರ್ಲನ್‌ನನ್ನು ಮನದಣಿಯೆ ತಟ್ಟಿದಳು, ಟಿಲ್ಲಿ ಜೇಬು ಖಾಲಿ ಮಾಡಿದಳು. ಕೊನೆಗೆ ಪಾಸ್ಟರ್ ಬಂದು, ಪರೀಕ್ಷಿಸುವ ಉದ್ದೇಶದಿಂದಲೇ ಅವನನ್ನು ಗಟ್ಟಿಯಾಗಿ ಅಪ್ಪಿ, ಬೆನ್ನು ಸೊಂಟ ಎಲ್ಲ ಸವರಿದರು.

"ಭೇಷ್. ಏನೂ ಗೊತ್ತಾಗಲ್ಲ. ಎಲ್ಲಿಟ್ಟಿದ್ದೀರಿ, ಬ್ರದರ್?"

ವರ್ಲನ್ ಹೆಂಡತಿಯ ಕಡೆ ಕಣ್ಣು ಹೊರಳಿಸಿದ. ಪಾಸ್ಟರಿಗೆ ಅರ್ಥವಾಗಿ ಮುಖ ಅರಳಿತು. ಅಭಿನಂದಿಸಲು ಎರಡೂ ತೋಳು ಚಾಚಿ ನಡೀನ್‌ಳತ್ತ ತಿರುಗಿದರು. ಗೇಟು ಬಿತ್ತು.

"ಕೈ ಸಾಕು, ಪಾಸ್ಟರ್."

ಅವರು ಕೈ ಕುಲುಕಿ ಒಳಗೆ ಹೋದರು. ವರ್ಲನ್ ಮೆಲ್ಲಗೆ ಪಕ್ಕಕ್ಕೆ ಸರಿದು, ಒಂದು ತೋಳನ್ನು ಅರ್ಧ ಎತ್ತಿ ಕೇಳಿದ: "ನನಗೂ ಕೈಯೇನಾ?"

"ಮನೆಗೆ ಹೋಗಿ ಇದನ್ನ ಬೀರುವಲ್ಲಿಟ್ಟು ಬೀಗ ಹಾಕ್ತೀನಿ," ಎಂದಳು ನಡೀನ್, ಎದುರಿನ ಮೆಟ್ಟಿಲು ನೋಡುತ್ತ. "ಆಮೇಲೆ ನೋಡೋಣ."