ಕೋಚ್ ವೆಂಡೆಲ್‌ನ ಗುರುವಾರ

ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ಆ ಊರನ್ನು ಮೀರಿಸುವ ಊರು ಇಡೀ ಅಲಬಾಮಾದಲ್ಲೇ ಇರಲಿಲ್ಲ. ಕಾಲೇಜಿನ ಫುಟ್‌ಬಾಲ್ ತಂಡ ಸಾಲಾಗಿ ಮೂರು ಆಟ ಸೋತದ್ದಕ್ಕೆ ಯಾರೋ ಅದರ ಕೋಚ್ ವೆಂಡೆಲ್ ಪಿಕಾರ್ಡ್‌ನ ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಫಲಕ ನೆಟ್ಟು ಹೋಗಿದ್ದರು. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ವೆಂಡೆಲ್ ಇದೇ ಕಾಲೇಜಿಗೆ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಟ್ರೋಫಿ ತಂದಾಗ, ಇದೇ ಜನ ತಮ್ಮ ಗಂಡುಮಕ್ಕಳಿಗೆ ಅವನ ಹೆಸರಿಟ್ಟಿದ್ದರು.

ಪ್ರತಿ ಗುರುವಾರ ಸಂಜೆ ಹಂದಿಮಾಂಸದ ಹೋಟೆಲಿನಲ್ಲಿ ಮೈಕಿನ ಮುಂದೆ ಕೂತು ಊರವರ ಬೈಗುಳ ತಿನ್ನುವುದು ಅವನ ಕರಾರಿನಲ್ಲೇ ಇತ್ತು. ಜಿಲ್ಲೆಗೆ ಜಿಲ್ಲೆಯೇ ರೇಡಿಯೋದಲ್ಲಿ ಕೇಳುತ್ತಿತ್ತು. ಕಳೆದ ಆಟದಲ್ಲಿ ತಲೆಗೆ ಪೆಟ್ಟು ತಿಂದಿದ್ದ ಹುಡುಗ ಟ್ರೇಸ್‌ನನ್ನು ಈ ಶನಿವಾರ ಆಟಕ್ಕೆ ಇಳಿಸುವುದಿಲ್ಲ ಎಂದು ಅವನು ಹೇಳಿದ್ದೇ ತಡ, ಆ ಹುಡುಗನ ಅಪ್ಪ ಡಾಯ್ಲ್ ಎದ್ದು ನಿಂತ. ಒಂದು ಕಾಲಕ್ಕೆ ಅದೇ ತಂಡದಲ್ಲಿ ವೆಂಡೆಲ್‌ನ ಕಾವಲಿಗೆ ಗೋಡೆಯ ಹಾಗೆ ನಿಂತು ಆಡಿದವನು ಅವನು.

"ಡಾಕ್ಟ್ರೇ ಆಡ್ಬೋದು ಅಂದ್ಮೇಲೆ ನಿಂದೇನಯ್ಯಾ ಅಡ್ಡಗಾಲು?"

"ಸೋಮವಾರ ಅವನ ತಂಗಿ ಹೆಸರು ಕೇಳ್ದೆ, ಡಾಯ್ಲ್. ಯೋಚ್ನೆ ಮಾಡಿ ಹೇಳ್ದ."

"ತಲೆಗೆ ಪೆಟ್ಟು ಬಿದ್ರೆ ನಾಕು ದಿನ ಹಂಗೇ. ಫೈನಲ್‌ನಲ್ಲಿ ನಿಂಗೂ ಬಿದ್ದಿರ್ಲಿಲ್ವಾ? ಎದ್ದು ಬಂದು ಗೆಲ್ಸಿದೆ. ಈಗ ಕುರ್ಚಿ ಸಿಕ್ತು ನೋಡು, ಹೇಡಿಯಾದೆ."

ಹೋಟೆಲು ಚಪ್ಪಾಳೆ ತಟ್ಟಿತು. ವೆಂಡೆಲ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ಆ ಫೈನಲಿನ ಕಥೆಯನ್ನು ಅವನು ಮದುವೆಮನೆಗಳಲ್ಲಿ ನೂರು ಸಲ ಹೇಳಿದ್ದ, ಈ ಕೆಲಸ ಸಿಕ್ಕಿದ್ದೂ ಅದರಿಂದಲೇ. ಆದರೆ ಅದನ್ನು ಅವನು ವಿಡಿಯೋ ನೋಡಿ ಬಾಯಿಪಾಠ ಮಾಡಿದ್ದ.

"ನಂಗೆ ಆ ಆಟ ನೆನಪಿಲ್ಲ," ಎಂದ ಮೈಕಿಗೆ. "ಒಂದು ಎಸೆತಾನೂ ನೆನಪಿಲ್ಲ. ಟ್ರೋಫಿ ಎತ್ತಿದ್ದು ನೆನಪಿಲ್ಲ. ಮರುವಾರ ನಮ್ಮಪ್ಪನ್ನ ಮಣ್ಣು ಮಾಡಿದ್ದೂ ನೆನಪಿಲ್ಲ. ಇಷ್ಟು ವರ್ಷ ನಿಮ್ಗೆಲ್ಲ ಸುಳ್ಳು ಹೇಳ್ದೆ."

ಮಾಂಸ ಕೊಚ್ಚುತ್ತಿದ್ದವನ ಕೈ ನಿಂತಿತು. ಡಾಯ್ಲ್ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಿಮ್ಮಪ್ಪನ ಶವದ ಪೆಟ್ಟಿಗೆಗೆ ನಿನ್ ಪಕ್ಕದಲ್ಲೇ ನಿಂತು ಹೆಗಲು ಕೊಟ್ಟಿದ್ದೆ ಕಣೋ. ನೀನು ಮಗು ಥರ ಅತ್ತೆ." ಅವನ ದನಿ ತಗ್ಗಿತು, ಮತ್ತೆ ಗಟ್ಟಿಯಾಯಿತು. "ನಿಂಗ್ ನೆನಪಿಲ್ದಿದ್ರೆ ಏನೀಗ? ನಮ್ಗೆಲ್ಲ ಇದೆಯಲ್ಲ. ಗೆದ್ವಲ್ಲ. ನನ್ ಮಗನ್ನ ಇಳ್ಸು."

"ನಾನು ಈ ಕುರ್ಚಿಲಿರೋವರ್ಗೂ ಇಳ್ಸಲ್ಲ."

"ಅಷ್ಟೇನಾ? ಶನಿವಾರದೊಳ್ಗೆ ಆ ಕುರ್ಚಿ ಖಾಲಿ ಮಾಡಿಸ್ತೀವಿ ಬಿಡು," ಎಂದ ಡಾಯ್ಲ್.

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು.