ನಾಲ್ಕು ನಿಮಿಷ, ಒಂದು ರೀಬೌಂಡ್

ಗಾಫ್ನಿ ಊರಿನ ಪೀಚ್ ಹಣ್ಣಿನಾಕಾರದ ನೀರಿನ ಟ್ಯಾಂಕು ಕಿಟಕಿಯಲ್ಲಿ ಹಿಂದಕ್ಕೆ ಸರಿಯಿತು, ಅಷ್ಟು ದೊಡ್ಡ ಹಣ್ಣನ್ನು ಕಂಬದ ಮೇಲೆ ಕೂರಿಸಿದವರಿಗೆ ಅಳತೆಯ ಅರಿವಿಲ್ಲ ಎನ್ನುವ ಹಕ್ಕು ನನಗಂತೂ ಇಲ್ಲ, ಈ ಶತಮಾನದ ಅತಿ ಗಂಭೀರ ಪ್ರಶ್ನೆಯೊಂದನ್ನು ಮೂರು ದಿನದ ಹಿಂದೆ ನಾನೇ ಮಂಡಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ: ಕಳೆದ ಶನಿವಾರ ಲಾರೆನ್ಸ್‌ವಿಲ್‌ನ ಆ ಜಿಮ್ಮಿನಲ್ಲಿ, ಬ್ಯಾಸ್ಕೆಟ್‌ಬಾಲ್ ಆಟ ಮುಗಿಯಲು ಎರಡು ನಿಮಿಷವಿದ್ದಾಗ, ರಿಂಗಿಗೆ ಬಡಿದು ವಾಪಸು ಬಂದ ಚೆಂಡನ್ನು, ಅಂದರೆ ರೀಬೌಂಡನ್ನು, ಹಿಡಿದವರು ಯಾರು — ಲೀಗಿನವರ ಅಂಕದ ಹಾಳೆ ಯಾರ ಹೆಸರನ್ನೂ ಹೇಳುವುದಿಲ್ಲ, ತಂಡದ ಖಾತೆಗೆ ತಳ್ಳಿ ಕೈತೊಳೆದುಕೊಂಡಿದೆ, ನನ್ನ ಡೈರಿಯಲ್ಲಿ ಮಾತ್ರ ಮಗ ಸೌರಭ್ ಹೆಸರಿನೆದುರು ಎರಡು ಗೀಟು, ಅವರ ಹಾಳೆಯಲ್ಲಿ ಒಂದೇ — ಪಕ್ಕದ ಸೀಟಿನಲ್ಲಿ ಸೌರಭ್ ನಿದ್ದೆಯಲ್ಲಿದ್ದಾನೆ, ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿದೆ, ಆರಡಿ ನಾಲ್ಕಿಂಚು, ಹೊಸಮನಿಯವರ ಮನೆತನದಲ್ಲಿ ಇಲ್ಲದ ಎತ್ತರ, ಈರಣ್ಣ ಕಾಕಾ ಮಾತ್ರ ಬಾಗಿಲಿಗೆ ತಲೆ ಬಡಿಸಿಕೊಳ್ಳುತ್ತಿದ್ದನಂತೆ, ಆದರೆ ಬಾಗಿಲೇ ಗಿಡ್ಡ ಇತ್ತು. ಇವನ ಕೈ ತೊಡೆಯ ಮೇಲೆ ಅಂಗಾತ ಬಿದ್ದಿದೆ, ಉದ್ದನೆಯ ಬೆರಳು, ಶನಿವಾರ ಆ ಬೆರಳ ತುದಿ ಚೆಂಡಿಗೆ ತಾಗಿದ್ದನ್ನು ನಾನು ಕಣ್ಣಾರೆ ಕಂಡೆ, ಕಂಬವೊಂದು ಅಡ್ಡವಿತ್ತು ಎನ್ನುವುದು ಬೇರೆ ವಿಷಯ. ಈ ವಸಂತದಲ್ಲಷ್ಟೇ ಹುಟ್ಟಿದ ಲೀಗು, ಪ್ರೇಕ್ಷಕರನ್ನು ಎಣಿಸಲು ಎರಡು ಕೈ ಎರಡು ಕಾಲು ಸಾಕು, ಆದರೂ ಪ್ರೊಫೆಷನಲ್, ಅಂಗಿಯ ಬೆನ್ನ ಮೇಲೆ ಹೊಸಮನಿ ಎಂದು ಹೊಲಿದಿದ್ದಾರೆ, ಅವನ ಬದುಕಿನ ಮೊದಲ ಸಂಬಳದ ಆಟ, ನಾಲ್ಕು ನಿಮಿಷ ಆಡಿಸಿದರು, ಪಾಯಿಂಟ್ ಸೊನ್ನೆ, ಫೌಲ್ ಎರಡು, ರೀಬೌಂಡ್ ಒಂದು. ತಂಡದಲ್ಲಿ ಉಳಿದಿರುವುದು ಒಂದು ಜಾಗ, ಅದಕ್ಕೆ ಪರೀಕ್ಷೆಗೆ ಕೂತವರು ಇಬ್ಬರು, ಇವನು ಮತ್ತು ಮಾರ್ಕಸ್, ಮಾರ್ಕಸ್ ಆಡಿದ್ದು ಐದು ನಿಮಿಷ, ಅವನಿಗೂ ರೀಬೌಂಡ್ ಒಂದು, ಇಂದು ಮತ್ತೆ ಅದೇ ಜಿಮ್ಮಿಗೆ ಅಭ್ಯಾಸಕ್ಕೆ ಹೊರಟಿದ್ದೇವೆ, ಮಧ್ಯಾಹ್ನದೊಳಗೆ ಕೋಚ್ ಹೇಳಬೇಕು, ಒಂದಕ್ಕಿಂತ ಎರಡು ದೊಡ್ಡದು, ಬ್ಯಾಲಂಟೈನ್‌ನ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಡೇಟಾಬೇಸ್ ಕಾಯ್ದ ನನಗೆ ಇಷ್ಟಾದರೂ ಗೊತ್ತು.

ಗೊತ್ತಿರುವುದು ಇನ್ನೊಂದಿದೆ, ರಿವ್ಯಾಲ್ಯುಯೇಷನ್. ಪಿಯುಸಿಯಲ್ಲಿ ಫಿಸಿಕ್ಸ್ ಅರವತ್ತೊಂದು ಬಂದಾಗ ನಾನು ಹಾಸಿಗೆ ಹಿಡಿದಿದ್ದೆ, ನಮ್ಮಪ್ಪ ಶಿವಬಸಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಎದ್ದು ನಿಂತ, ಅರ್ಜಿ ಹಾಕೋಣು, ಹಾಕಿದರ ಏನ ಹೋಗತದ, ಧಾರವಾಡದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು ಬಂದ, ಅರವತ್ತೊಂದು ಅರವತ್ತೇಳಾಯಿತು, ಆ ಆರು ಅಂಕದ ಮೇಲೆ ನನ್ನ ಇಂಜಿನಿಯರಿಂಗ್, ಮದುವೆ, ವೀಸಾ, ಈ ಕಾರು, ಈ ಸೀಟಿನಲ್ಲಿ ಗೊರಕೆ ಹೊಡೆಯುವ ಇವನು, ಎಲ್ಲವೂ ನಿಂತಿವೆ, ಅಂದಮೇಲೆ ಹಾಳೆಯಲ್ಲಿ ತಪ್ಪಿದ್ದರೆ ಕೇಳುವುದು ಧರ್ಮ. ಕೇಳಬೇಡಿ ಎಂದವರು ಇಬ್ಬರು. ಹೆಂಡತಿ ರೇಣುಕಾ ಚಪಾತಿ ಲಟ್ಟಿಸುತ್ತ, ಸುಮ್ನಿರ್ರಿ, ಹುಡುಗ ಖುಷಿಯಾಗ್ಯಾನ, ಆ ಹಾಳಿ ಫೋಟೊ ತಗದು ಫೋನಿನ್ಯಾಗ ಹಾಕ್ಕೊಂಡಾನ ನೋಡ್ರಿ. ಅವನೂ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡೇ, ಅಪ್ಪಾ, ಲೀವ್ ಇಟ್, ನನಗೆ ಒಂದು ಸಾಕು, ಐ ಗಾಟ್ ಒನ್. ಒಂದು ಸಾಕಂತೆ — ಅರವತ್ತೊಂದು ಸಾಕು ಎಂದು ನಾನು ಮಲಗಿದ್ದರೆ? ಲೀಗಿನ ವೆಬ್‌ಸೈಟಿನಲ್ಲಿ ತಿದ್ದುಪಡಿಯ ಫಾರ್ಮ್ ಇತ್ತು, ಆಟಗಾರನಿಗೂ ನಿಮಗೂ ಇರುವ ಸಂಬಂಧ ಎಂಬಲ್ಲಿ ಪ್ರೇಕ್ಷಕ ಎಂದು ತುಂಬಿದೆ, ಸುಳ್ಳಲ್ಲ, ಇಮೇಲ್ ವಿಳಾಸದಲ್ಲಿ ಹೊಸಮನಿ ಎಂದಿರುವುದು ಆಮೇಲೆ ಹೊಳೆಯಿತು, ವಿಡಿಯೊ ಪೂರ್ತಿ ನೋಡಿ ಎಂದು ಕೂಡ ಬರೆದೆ, ಪೂರ್ತಿ ಎಂಬುದಕ್ಕೆ ಅಡಿಗೆರೆ ಎಳೆದೆ, ಯಾರು ಕೇಳಿದ್ದರು ಆ ಅಡಿಗೆರೆಯನ್ನು.

ಸ್ಪಾರ್ಟನ್‌ಬರ್ಗ್, ಪೆಟ್ರೋಲ್ ಹಾಕಬೇಕು, ಅವನು ಒಳಗೆ ಬಾತ್‌ರೂಮಿಗೆ ಹೋದ, ಪಂಪಿನ ಹಿಡಿಕೆ ಕೈಯಲ್ಲಿ, ಆಗ ಬಂತು ಇಮೇಲ್, ಡಿಯರ್ ಮಿಸ್ಟರ್ ಹೊಸಮನಿ, ನಿಮ್ಮ ಆಸಕ್ತಿಗೆ ಧನ್ಯವಾದ, ಕೋರಿಕೆಯಂತೆ ವಿಡಿಯೊ ಪೂರ್ತಿ ನೋಡಿದೆವು. ನೋಡಿಯೇ ಬಿಟ್ಟಿದ್ದಾರೆ. ನೀವು ಹೇಳಿದ ರೀಬೌಂಡ್ ತಂಡದ್ದಲ್ಲ, ಮಾರ್ಕಸ್‌ನದು, ಅವನಿಗೆ ಸೇರಿಸಿದ್ದೇವೆ. ಇದಲ್ಲದೆ ಎರಡನೇ ಕ್ವಾರ್ಟರಿನಲ್ಲಿ ಸೌರಭ್ ಹೆಸರಿಗೆ ಹಾಕಿದ್ದ ರೀಬೌಂಡ್ ಕೂಡ ತಪ್ಪು, ಅವನು ಚೆಂಡನ್ನು ಮುಟ್ಟಿದ್ದಾನಷ್ಟೇ, ಹಿಡಿದದ್ದು ಮಾರ್ಕಸ್, ಅದನ್ನೂ ವರ್ಗಾಯಿಸಿದ್ದೇವೆ, ಕ್ಲಿಪ್ ಲಗತ್ತಿಸಿದೆ. ಒತ್ತಿದೆ. ಆರು ಸೆಕೆಂಡು. ಇವನು ಎಲ್ಲರಿಗಿಂತ ಮೇಲೆ ಹಾರುತ್ತಾನೆ, ಬೆರಳ ತುದಿ ಚೆಂಡಿಗೆ ತಾಗುತ್ತದೆ, ಚೆಂಡು ಒಂದು ಕ್ಷಣ ಅಲ್ಲೇ ನಿಂತಂತೆ ಕಾಣುತ್ತದೆ, ಆಮೇಲೆ ಹಿಂದಕ್ಕೆ ಜಾರಿ ಮಾರ್ಕಸ್‌ನ ಎರಡೂ ಅಂಗೈಯೊಳಗೆ. ನಮ್ಮಪ್ಪನಿಗೆ ಇಂಥ ಅಪಾಯ ಇರಲಿಲ್ಲ, ಫಿಸಿಕ್ಸ್ ಪೇಪರಿನಲ್ಲಿ ಕಳೆದ ಅಂಕ ಪಕ್ಕದ ನಂಬರಿನವನ ಪೇಪರಿಗೆ ಹೋಗಿ ಸೇರುತ್ತಿರಲಿಲ್ಲ. ಹಿಡಿಕೆ ಟಕ್ ಎಂದಿತು, ಟ್ಯಾಂಕ್ ತುಂಬಿದೆ, ಅವನು ಬರುತ್ತಿದ್ದಾನೆ, ಕೈಯಲ್ಲಿ ಎರಡು ಕಾಫಿ, ನನ್ನದಕ್ಕೆ ಸಕ್ಕರೆ ತಾನೇ ಹಾಕಿ ಕಲಕಿದ್ದಾನೆ.

ಹೇಳಲಿಲ್ಲ. ಗ್ರೀನ್‌ವಿಲ್ ದಾಟಿದರೂ ಹೇಳಲಿಲ್ಲ, ಟ್ರಾಫಿಕ್ ಬಗ್ಗೆ ಹೇಳಿದೆ, ಮಣ್ಣು ಕೆಂಪಗಿದೆ ಎಂದೆ, ಹೇಗೂ ಕೋಚ್ ಹಳೆಯ ಹಾಳೆ ನೋಡಿಯೇ ನಿರ್ಧರಿಸಿರಬಹುದು, ಹೊಸದನ್ನು ಯಾರು ಓದುತ್ತಾರೆ, ಈ ಲೀಗಿನ ಹಾಳೆಯನ್ನು ನನ್ನ ಹೊರತು ಯಾವ ಪ್ರಾಣಿ ಓದುತ್ತದೆ — ಅವನ ಫೋನು ತೊಡೆಯ ಮೇಲೆ ನಡುಗಿತು. ಓದಿದ. ಮತ್ತೆ ಓದಿದ. ಕೋಚ್ ಬರೆದಿದ್ದನ್ನು ನನಗೂ ಓದಿ ಹೇಳಿದ, ದನಿಯಲ್ಲಿ ಏರಿಳಿತವಿಲ್ಲ, ಹೊಸ ಹಾಳೆ ನೋಡಿದೆ, ಐದು ನಿಮಿಷಕ್ಕೆ ಮೂರು ರೀಬೌಂಡ್ ಹಿಡಿದವನನ್ನು ಬಿಡುವುದು ಕಷ್ಟ, ಮಾರ್ಕಸ್ ಇರುತ್ತಾನೆ, ನೀನು ಇಂದು ಬರುವುದು ಬೇಡ. ಆಮೇಲೆ ಬೆರಳಿನಿಂದ ಏನನ್ನೋ ತಡಕಿದ, ಹಾಳೆ ಇರಬೇಕು. ಅಪ್ಪಾ, ನೀವು ರಿಕ್ವೆಸ್ಟ್ ಹಾಕಿದ್ರಾ. ಒಂದರ ಬಗ್ಗೆ ಅಷ್ಟೇ ಹಾಕಿದ್ದು ಎಂದೆ, ಇನ್ನೊಂದನ್ನು ಅವರೇ ನೋಡಿದ್ದು ಎಂದೆ, ನನ್ನ ವಾದದಲ್ಲಿ ಲೋಪವಿರಲಿಲ್ಲ. ಅವನು ಫೋನಿನಿಂದ ಫೋಟೊ ಅಳಿಸುತ್ತಿದ್ದ, ಅಳಿಸಲೇ ಎಂದು ಫೋನು ಕೇಳಿತು, ಹೂಂ ಎಂದು ಒತ್ತಿದ. ಆ ಒಂದು ನಂದಿತ್ತು, ಅಪ್ಪಾ. ಅಷ್ಟೇ ಅಂದದ್ದು, ಕನ್ನಡದಲ್ಲಿ ಅಂದ, ಸಿಟ್ಟು ಬಂದರೆ ಇಂಗ್ಲಿಷಿಗೆ ಹೋಗುವವನು. ಬರುವ ಎಕ್ಸಿಟ್‌ನಲ್ಲಿ ಹೆದ್ದಾರಿಯಿಂದ ಇಳಿದು ಕಾರನ್ನು ಮನೆಯ ಕಡೆ ತಿರುಗಿಸಬೇಕು, ಇಂಡಿಕೇಟರ್ ಹಾಕಿದ್ದೇನೆ, ಟಿಕ್ ಟಿಕ್ ಎನ್ನುತ್ತಿದೆ, ಕಾಫಿ ತಣ್ಣಗಾಗಿದೆ, ಅವನು ಹಾರುತ್ತಾನೆ, ಎಲ್ಲರಿಗಿಂತ ಮೇಲೆ, ಬೆರಳ ತುದಿ ಚೆಂಡಿಗೆ ತಾಗುತ್ತದೆ, ಚೆಂಡು ನಿಂತಂತೆ, ಟಿಕ್ ಟಿಕ್, ಬೆರಳ ತುದಿ, ಚೆಂಡು, ಬೆರಳ ತುದಿ. ಸೌರಭ್ ಹೊಸಮನಿ: ನಾಲ್ಕು ನಿಮಿಷ, ಪಾಯಿಂಟ್ ಸೊನ್ನೆ, ಫೌಲ್ ಎರಡು, ರೀಬೌಂಡ್ ಸೊನ್ನೆ.